ಕಾಫಿ ಮೂಟೆಗೆ ಬೆಲೆ ಕಟ್ಟುವವರು ಯಾರು?

ಬೆಳೆಗಾರ: ಅಂಗಡಿಯವನು ಸೋಪಿಗೆ ಇಂತಿಷ್ಟು ಎನ್ನುತ್ತಾನೆ, ದರ್ಜಿ ಅಂಗಿಗೆ ಇಷ್ಟು ಕೂಲಿ ಎನ್ನುತ್ತಾನೆ. ಕಾಫಿ ಬೆಳೆದವನು ಮಾತ್ರ ತನ್ನ ಮೂಟೆಯನ್ನು ಹೊತ್ತುಕೊಂಡು ಹೋಗಿ ‘ಇವತ್ತು ಎಷ್ಟು ನಡೀತಿದೆ?’ ಎಂದು ಕೇಳಬೇಕು. ಮೇಷ್ಟ್ರೇ, ಈ ‘ನಡೆಯುವ’ ಬೆಲೆಯನ್ನು ನಡೆಸುವವರು ಯಾರು?

ಮೇಷ್ಟ್ರು: ಈ ಪ್ರಶ್ನೆಗೆ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರವಿತ್ತು. 1942ರಿಂದ ಅರ್ಧ ಶತಮಾನ ಕಾಲ ಭಾರತದಲ್ಲಿ ಕಾಫಿಯನ್ನು ಕಾನೂನಿನ ಪ್ರಕಾರ ಮಾರುತ್ತಿದ್ದುದು ಕಾಫಿ ಬೋರ್ಡ್. ಅದೇ ಹೊತ್ತಿಗೆ ಸೋವಿಯತ್ ಒಕ್ಕೂಟದಲ್ಲಿ ಒಂದು ಪೊಟ್ಟಣ ಕಾಫಿಪುಡಿಯ ಬೆಲೆ ಮಾಸ್ಕೋದ ಸರ್ಕಾರಿ ಕಚೇರಿಯಲ್ಲಿ ತೀರ್ಮಾನವಾಗುತ್ತಿತ್ತು. ಇಂದು ಚಿಕ್ಕಮಗಳೂರು, ಮಡಿಕೇರಿಯ ವ್ಯಾಪಾರಿ ಬೆಳಿಗ್ಗೆ ಮೊದಲು ನೋಡುವುದು ರೋಬಸ್ಟಾ ಜಾತಿಯ ಕಾಫಿಗೆ ಲಂಡನ್ನಿನ ದರವನ್ನು, ಅರೇಬಿಕಾ ಜಾತಿಗೆ ನ್ಯೂಯಾರ್ಕಿನ ದರವನ್ನು. ಬೆಳೆ ಒಂದೇ; ಬೆಲೆ ಕಟ್ಟುವ ಏರ್ಪಾಟು ಬೇರೆ ಬೇರೆ. ಈ ಏರ್ಪಾಟಿಗೇ ಅರ್ಥವ್ಯವಸ್ಥೆ ಎಂದು ಹೆಸರು. ಯಾವ ಸಮಾಜವಾದರೂ ಏನನ್ನು ಎಷ್ಟು ಬೆಳೆಯಬೇಕು, ಹೇಗೆ ಬೆಳೆಯಬೇಕು, ಬೆಳೆದದ್ದು ಯಾರ ಪಾಲಿಗೆ ಹೋಗಬೇಕು ಎಂಬುದನ್ನು ಹೇಗಾದರೂ ತೀರ್ಮಾನಿಸಿಕೊಳ್ಳಲೇಬೇಕು. ಮಾರುಕಟ್ಟೆ ವ್ಯವಸ್ಥೆಯಲ್ಲಿ ಅದನ್ನು ಬೆಲೆ ತೀರ್ಮಾನಿಸುತ್ತದೆ. ಯೋಜಿತ ವ್ಯವಸ್ಥೆಯಲ್ಲಿ ಸರ್ಕಾರದ ಆದೇಶ ತೀರ್ಮಾನಿಸುತ್ತದೆ. ಹೆಚ್ಚಿನ ದೇಶಗಳಲ್ಲಿ ಎರಡೂ ಬೆರೆತಿರುತ್ತವೆ, ಪ್ರಮಾಣ ಮಾತ್ರ ಬೇರೆ.

ಬೆಳೆಗಾರ: ಆದೇಶ ಎಂದರೆ ಅರ್ಥವಾಗುತ್ತದೆ, ಅದರ ಕೆಳಗೆ ಒಬ್ಬರ ರುಜು ಇರುತ್ತದೆ. ಬೆಲೆ ತೀರ್ಮಾನಿಸುತ್ತದೆ ಎಂದರೆ? ಬೆಲೆಗೇನು ಕೈ ಇದೆಯೇ, ಬಾಯಿ ಇದೆಯೇ?

ಮೇಷ್ಟ್ರು: ಒಂದು ಲೆಕ್ಕ ಹಾಕೋಣ. ಇದು ಕಲ್ಪಿತ ಲೆಕ್ಕ. ಒಂದು ಊರಿನಲ್ಲಿ ಒಂದು ದಿನ ರೋಬಸ್ಟಾ ಚೆರಿ, ಅಂದರೆ ಸಿಪ್ಪೆಯೊಂದಿಗೇ ಒಣಗಿಸಿದ ಹಣ್ಣಿನ 50 ಕೆಜಿ ಮೂಟೆಗೆ 8,000 ರೂಪಾಯಿ ಎಂದು ಯಾರೋ ಕೂಗಿದರು ಎನ್ನಿ. ಆ ಬೆಲೆಗೆ 900 ಮೂಟೆ ಕೊಡಲು ಬೆಳೆಗಾರರು ಸಿದ್ಧ, ಆದರೆ ಕೊಳ್ಳುವವರಿಗೆ ಬೇಕಾದದ್ದು 500. ನಾನೂರು ಮೂಟೆ ಗೋದಾಮಿನಲ್ಲೇ ಉಳಿಯುತ್ತವೆ. ಬ್ಯಾಂಕಿನ ಕಂತು ಕಟ್ಟಬೇಕಾದವನು, ಮನೆಯಲ್ಲಿ ಮದುವೆ ಇಟ್ಟುಕೊಂಡವನು ‘ಇನ್ನೂರು ಕಡಿಮೆಯಾದರೂ ಸರಿ’ ಎನ್ನುತ್ತಾನೆ, ಬೆಲೆ ಇಳಿಯತೊಡಗುತ್ತದೆ. 6,000ಕ್ಕೆ ಇಳಿದರೆ ಚಿತ್ರ ತಿರುಗುಮುರುಗು. ಕೊಳ್ಳುವವರಿಗೆ ಬೇಕು 1,000 ಮೂಟೆ, ಕೊಡುವವರು 400ಕ್ಕಿಂತ ಹೆಚ್ಚು ಬಿಚ್ಚುವುದಿಲ್ಲ. ಹಡಗಿಗೆ ಸರಕು ತುಂಬಿಸಿಕೊಡುತ್ತೇನೆಂದು ಮಾತು ಕೊಟ್ಟ ರಫ್ತುದಾರ ನೂರು, ಇನ್ನೂರು ಏರಿಸುತ್ತಾನೆ. 7,000ದಲ್ಲಿ ಎರಡೂ ಕಡೆ 700 ಆದರೆ ಅಲ್ಲಿ ಬೆಲೆ ನಿಲ್ಲುತ್ತದೆ. ಅದೇ ಸಮತೋಲನ ಬೆಲೆ. ಯಾರೂ ಅದನ್ನು ಬರೆದು ಹಚ್ಚಲಿಲ್ಲ. ಮಾರಲು ಅವಸರವಿದ್ದವರು, ಕೊಳ್ಳಲು ಅವಸರವಿದ್ದವರು ಎರಡೂ ಕಡೆಯಿಂದ ತಳ್ಳುತ್ತ ತಳ್ಳುತ್ತ ಅದು ಅಲ್ಲಿಗೆ ಬಂತು. ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ 1890ರ ತನ್ನ ಗ್ರಂಥದಲ್ಲಿ ಇದಕ್ಕೆ ಕತ್ತರಿಯ ಹೋಲಿಕೆ ಕೊಟ್ಟ. ಕಾಗದ ಕತ್ತರಿಸಿದ್ದು ಮೇಲಿನ ಅಲಗೋ ಕೆಳಗಿನ ಅಲಗೋ ಎಂದು ಕೇಳುವುದು ಹೇಗೆ ವ್ಯರ್ಥವೋ, ಬೆಲೆ ಕಟ್ಟಿದ್ದು ಬೇಡಿಕೆಯೋ ಪೂರೈಕೆಯೋ ಎಂದು ಕೇಳುವುದೂ ಹಾಗೆಯೇ.

ಬೆಳೆಗಾರ: ಆದರೆ ಪೇಪರಿನಲ್ಲಿ ಒಂದು ದಿನ ‘ಬೆಲೆ ಇಳಿದು ಬೇಡಿಕೆ ಹೆಚ್ಚಿತು’ ಎಂದು ಬರುತ್ತದೆ, ಮರುದಿನ ‘ಬೇಡಿಕೆ ಹೆಚ್ಚಿ ಬೆಲೆ ಏರಿತು’ ಎಂದು ಬರುತ್ತದೆ. ಯಾವುದು ನಿಜ?

ಮೇಷ್ಟ್ರು: ಎರಡು ಬೇರೆ ಸಂಗತಿಗೆ ಒಂದೇ ಮಾತು ಬಳಸುವುದರಿಂದ ಬಂದ ಗೊಂದಲ ಅದು. ಬೆಲೆ ಇಳಿಯಿತೆಂದು ಅದೇ ಜನ ಇನ್ನೊಂದು ಕಾಲು ಕೆಜಿ ಹೆಚ್ಚು ಕೊಂಡರೆ ಯಾವ ಬೆಲೆಗೆ ಎಷ್ಟು ಬೇಕೆಂಬ ಅವರ ಬೇಡಿಕೆಯ ಪಟ್ಟಿ ಬದಲಾಗಿಲ್ಲ; ಪಟ್ಟಿಯಲ್ಲಿ ಒಂದು ಸಾಲು ಕೆಳಗೆ ಇಳಿದಿದ್ದಾರೆ ಅಷ್ಟೆ. ಚಹಾ ಕುಡಿಯುತ್ತಿದ್ದ ಊರಿಗೆ ಕಾಫಿಯ ರುಚಿ ಹತ್ತಿತು ಎಂದರೆ ಪಟ್ಟಿಯೇ ಹೊಸದು, ಪ್ರತಿ ಬೆಲೆಗೂ ಮೊದಲಿಗಿಂತ ಹೆಚ್ಚು ಮೂಟೆ ಬೇಕು. ಮೊದಲನೆಯದರಲ್ಲಿ ಬೆಲೆ ಕಾರಣ, ಎರಡನೆಯದರಲ್ಲಿ ಬೆಲೆ ಪರಿಣಾಮ. ಪೂರೈಕೆಗೂ ಇದೇ ಮಾತು. ದರ ಏರಿದ್ದು ಕೇಳಿ ಗೋದಾಮಿನ ಬಾಗಿಲು ತೆರೆದವನು ಹಳೆಯ ಪಟ್ಟಿಯಲ್ಲೇ ಇದ್ದಾನೆ. ಹೂಮಳೆ ಬಾರದೆ ಫಸಲೇ ಅರ್ಧವಾದರೆ ಪಟ್ಟಿ ಬದಲಾಯಿತು.

ಬೆಳೆಗಾರ: ಮೂಟೆಗೆ ದುಪ್ಪಟ್ಟಾದರೂ ಜನ ಕಾಫಿ ಕುಡಿಯುವುದನ್ನು ಬಿಡುವುದಿಲ್ಲವಲ್ಲ?

ಮೇಷ್ಟ್ರು: ಬಿಡುವುದಿಲ್ಲ, ಅದಕ್ಕೆ ಕಾರಣ ಲೋಟದ ಲೆಕ್ಕದಲ್ಲಿದೆ. ಒಂದು ಲೋಟಕ್ಕೆ 10 ಗ್ರಾಂ ಪುಡಿ ಎಂದಿಟ್ಟುಕೊಂಡರೆ ಒಂದು ಕೆಜಿಗೆ 100 ಲೋಟ. ಕೆಜಿಗೆ 100 ರೂಪಾಯಿ ಏರಿದರೂ ಲೋಟಕ್ಕೆ ಏರಿದ್ದು ಒಂದು ರೂಪಾಯಿ. ಅಷ್ಟಕ್ಕೆ ಬೆಳಗಿನ ಕಾಫಿ ಬಿಡುವವರು ಎಷ್ಟು ಜನ? ಬೆಲೆ ಬದಲಾದಾಗ ಕೊಳ್ಳುವ ಪ್ರಮಾಣ ಎಷ್ಟು ಬಾಗುತ್ತದೆ ಎಂಬುದಕ್ಕೆ ಪಠ್ಯಪುಸ್ತಕಗಳು ಸ್ಥಿತಿಸ್ಥಾಪಕತ್ವ ಎನ್ನುತ್ತವೆ. ಕಾಫಿಯಲ್ಲಿ ಅದು ಕಡಿಮೆ. ಪೂರೈಕೆಯಲ್ಲೂ ಕಡಿಮೆ, ಏಕೆಂದರೆ ಕೊಯ್ಲು ವರ್ಷಕ್ಕೊಂದು ಸಲ, ಇವತ್ತು ನೆಟ್ಟ ಗಿಡ ಫಸಲು ಕೊಡಲು ಮೂರು–ನಾಲ್ಕು ವರ್ಷ. ಎರಡು ಕಡೆಯೂ ಬಾಗದಿದ್ದರೆ ಬಾಗಬೇಕಾದದ್ದು ಬೆಲೆ. ಪೂರೈಕೆಯಲ್ಲಿ ಸ್ವಲ್ಪ ಕೊರತೆ ಬಿದ್ದರೂ ಬೆಲೆ ಗಗನಕ್ಕೇರುತ್ತದೆ, ಸ್ವಲ್ಪ ಹೆಚ್ಚಾದರೂ ನೆಲ ಕಚ್ಚುತ್ತದೆ. ಕಾಫಿಯ ಇತಿಹಾಸವೆಲ್ಲ ಈ ಒಂದು ಗುಣದ ಸುತ್ತ ನಡೆದಿದೆ.

ಬೆಳೆಗಾರ: ನಡೆದದ್ದನ್ನೇ ಒಂದು ಹೇಳಿ. ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಕೂರುತ್ತದೆ.

ಮೇಷ್ಟ್ರು: 1975ರ ಜುಲೈ. ಬ್ರೆಜಿಲಿನ ಪರಾನಾ ರಾಜ್ಯದ ಮೇಲೆ ಒಂದೆರಡು ರಾತ್ರಿ ಭಾರೀ ಹಿಮ ಕವಿಯಿತು. ಕೋಟಿಗಟ್ಟಲೆ ಗಿಡ ಸುಟ್ಟಂತೆ ಕಪ್ಪಾದವು; ಅದನ್ನು ‘ಕಪ್ಪು ಹಿಮ’ ಎಂದೇ ಕರೆದರು. ಆ ವರ್ಷದ ಕೊಯ್ಲು ಬಹುಮಟ್ಟಿಗೆ ಮುಗಿದಿತ್ತು, ಪೆಟ್ಟು ಬಿದ್ದದ್ದು ಮುಂದಿನ ಫಸಲಿಗೆ. ಆದರೂ ಬೆಲೆ ಅಂದಿನಿಂದಲೇ ಏರಲು ಶುರುವಾಯಿತು. 1977ರ ವಸಂತದಲ್ಲಿ ನ್ಯೂಯಾರ್ಕಿನಲ್ಲಿ ಪೌಂಡಿಗೆ ಮೂರು ಡಾಲರ್ ದಾಟಿತು. ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಇನ್ನೂ ಬಾರದ ಕೊರತೆಗೆ ಬೆಲೆ ಮೊದಲೇ ಏರಿತು. ಇದ್ದ ದಾಸ್ತಾನನ್ನು ಕೈ ಬಿಗಿಹಿಡಿದು ಬಳಸಿ ಎಂಬ ಸುದ್ದಿ ಅಮೆರಿಕದ ಗೃಹಿಣಿಗೂ, ಗಿಡ ನೆಡಿ ಎಂಬ ಸುದ್ದಿ ಆಫ್ರಿಕಾದ ರೈತನಿಗೂ ಅದೇ ಒಂದು ಅಂಕಿಯ ಮೂಲಕ ಮುಟ್ಟಿತು. ಪರಾನಾ ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿರಬೇಕಾಗಿರಲಿಲ್ಲ. ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಾಯೆಕ್ 1945ರ ಪ್ರಬಂಧವೊಂದರಲ್ಲಿ ಬೆಲೆಯ ಬಗ್ಗೆ ಹೇಳಿದ ಮುಖ್ಯ ವಿಚಾರ ಇದೇ: ಸಾವಿರಾರು ಜನರ ತಲೆಯಲ್ಲಿ ಚೂರುಚೂರಾಗಿ ಚದುರಿರುವ ತಿಳಿವಳಿಕೆಯನ್ನು ಒಟ್ಟುಗೂಡಿಸಿ ಹಂಚುವ ಸಾಧನ ಬೆಲೆ.

ಬೆಳೆಗಾರ: ಬೆಲೆಯನ್ನು ಏರಲು ಬಿಡದ ದೇಶಗಳಲ್ಲಿ ಏನಾಯಿತು?

ಮೇಷ್ಟ್ರು: ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಒಂದೇ ಹಿಮ ಎರಡು ವ್ಯವಸ್ಥೆಗಳ ಮೇಲೆ ಬಿದ್ದಂಥ ಅಪರೂಪದ ಪ್ರಸಂಗ ಅದು. ಪೂರ್ವ ಜರ್ಮನಿಯಲ್ಲಿ ಅಂಗಡಿಯ ಬೆಲೆಗಳನ್ನು ಸರ್ಕಾರ ಗೊತ್ತುಮಾಡುತ್ತಿತ್ತು. ದೇಶದ ಒಳಗೆ ಬೆಲೆಯನ್ನು ತಡೆದು ನಿಲ್ಲಿಸಬಹುದು, ಆದರೆ ಹೊರಗಿನಿಂದ ಕಾಫಿ ತರಲು ಡಾಲರೇ ಬೇಕು, ಆ ಡಾಲರ್ ತೈಲಕ್ಕೂ ಬೇಕು. 1977ರಲ್ಲಿ ಸರ್ಕಾರ ಅಗ್ಗದ ಕಾಫಿಯನ್ನು ಅಂಗಡಿಯಿಂದ ಹಿಂದಕ್ಕೆ ತೆಗೆದುಕೊಂಡು, ‘ಕಾಫಿ–ಮಿಕ್ಸ್’ ಎಂಬ ಹೊಸ ಪುಡಿ ತಂದಿತು. ಅದರಲ್ಲಿ ಕಾಫಿ ನೂರಕ್ಕೆ 51 ಭಾಗ. ಉಳಿದದ್ದು ಚಿಕೋರಿ, ರೈ ಧಾನ್ಯ, ಬಟಾಣಿ ಹಿಟ್ಟು ಇಂಥವು. ಹೋಟೆಲುಗಳ ಯಂತ್ರದಲ್ಲಿ ಬಟಾಣಿ ಹಿಟ್ಟು ಉಬ್ಬಿ ಕಟ್ಟಿಕೊಂಡಿತು. ಜನ ಅದನ್ನು ಕುಡಿಯಲಿಲ್ಲ, ದೂರಿನ ಪತ್ರಗಳನ್ನು ಬರೆದರು. ನ್ಯೂಯಾರ್ಕಿನಲ್ಲಿ ಕೊರತೆ ಬೆಲೆಯ ಚೀಟಿಯಲ್ಲಿ ಕಂಡಿತು; ಪೂರ್ವ ಬರ್ಲಿನ್ನಿನಲ್ಲಿ ಅದೇ ಕೊರತೆ ಲೋಟದೊಳಗೆ ಕಂಡಿತು. ಬೆಲೆಯನ್ನು ಹಿಡಿದಿಟ್ಟ ಮಾತ್ರಕ್ಕೆ ಕೊರತೆ ಹೋಗುವುದಿಲ್ಲ. ಅದು ಸರತಿ ಸಾಲಾಗಿ, ಕಲಬೆರಕೆಯಾಗಿ, ಪರಿಚಯವಿದ್ದವರಿಗೆ ಹಿಂಬಾಗಿಲಿನ ಪೊಟ್ಟಣವಾಗಿ ಬರುತ್ತದೆ.

ಬೆಳೆಗಾರ: ರಷ್ಯಾದವರೂ ಹಾಗೇ ಮಾಡಿದರೇ?

ಮೇಷ್ಟ್ರು: ಸೋವಿಯತ್ ಸರ್ಕಾರ ಕಾಫಿಯ ಮಟ್ಟಿಗೆ ಬೇರೆ ದಾರಿ ಹಿಡಿಯಿತು. 1978ರ ಮಾರ್ಚಿನಲ್ಲಿ ಕೆಜಿಗೆ ನಾಲ್ಕೂವರೆ ರೂಬಲ್ ಇದ್ದದ್ದನ್ನು ಒಂದೇ ಆದೇಶದಲ್ಲಿ 20 ರೂಬಲ್ ಮಾಡಿತು. ಕಾಫಿ ಅಲ್ಲಿ ದಿನನಿತ್ಯದ ಪದಾರ್ಥವಾಗಿರಲಿಲ್ಲವಾದ್ದರಿಂದ ಹಾಗೆ ಮಾಡಲು ಆಯಿತು. ಮಾಂಸ, ರೊಟ್ಟಿಯ ವಿಷಯದಲ್ಲಿ ಆ ಧೈರ್ಯ ಇರಲಿಲ್ಲ. 1962ರ ಜೂನ್‌ನಲ್ಲಿ ಮಾಂಸ ಮತ್ತು ಬೆಣ್ಣೆಯ ಬೆಲೆ ಏರಿಸಿದಾಗ ನೊವೊಚೆರ್ಕಾಸ್ಕ್ ಎಂಬ ಊರಿನ ಕಾರ್ಖಾನೆ ಕೆಲಸಗಾರರು ಬೀದಿಗಿಳಿದರು. ಸೈನ್ಯ ಗುಂಡು ಹಾರಿಸಿ 20ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸುಮಾರು ಮೂರು ದಶಕ ಸರ್ಕಾರಿ ಅಂಗಡಿಯ ಮಾಂಸದ ಬೆಲೆಯನ್ನು ಮುಟ್ಟಲಿಲ್ಲ. ಬೆಲೆ ನಿಂತಿತು, ಮಾಂಸ ಅಂಗಡಿಯಿಂದ ಮಾಯವಾಯಿತು. ರೊಟ್ಟಿಯನ್ನು ಎಷ್ಟು ಅಗ್ಗವಾಗಿಟ್ಟಿದ್ದರೆಂದರೆ ಅದನ್ನು ದನ, ಹಂದಿಗಳಿಗೆ ಹಾಕುವುದು ಲಾಭವಾಗಿ, ಕೊನೆಗೆ ಅದನ್ನು ಅಪರಾಧವೆಂದು ಕಾನೂನು ತರಬೇಕಾಯಿತು.

ಬೆಳೆಗಾರ: ಯೋಜನೆ ಹಾಕುವವರು ಓದಿದವರು, ಲೆಕ್ಕ ಬಲ್ಲವರು. ಅವರಿಗೆ ಇದು ತಿಳಿಯಲಿಲ್ಲವೇ?

ಮೇಷ್ಟ್ರು: ಬುದ್ಧಿವಂತಿಕೆಯ ಕೊರತೆ ಅಲ್ಲಿರಲಿಲ್ಲ. ಗೋಸ್‌ಪ್ಲಾನ್ ಎಂಬ ಯೋಜನಾ ಸಂಸ್ಥೆ 1921ರಲ್ಲೇ ಹುಟ್ಟಿತ್ತು. ಒಳ್ಳೊಳ್ಳೆಯ ಗಣಿತಜ್ಞರು ಅಲ್ಲಿನ ಯೋಜನೆಯ ಸಮಸ್ಯೆಗಳ ಮೇಲೆ ಕೆಲಸ ಮಾಡಿದರು. ಈ ತೊಡಕಿನ ಬಗ್ಗೆ ವಾದವೂ ಹಳೆಯದು. ನಿಜವಾದ ಮಾರಾಟವಿಲ್ಲದೆ ಬೆಲೆ ಹುಟ್ಟುವುದಿಲ್ಲ, ಬೆಲೆಯಿಲ್ಲದೆ ಯಾವುದು ಮಿತವ್ಯಯ ಎಂದು ಲೆಕ್ಕ ಹಾಕಲಾಗದು ಎಂದು ಅರ್ಥಶಾಸ್ತ್ರಜ್ಞ ಲುಡ್ವಿಗ್ ಫಾನ್ ಮೀಸಸ್ 1920ರಲ್ಲಿ ಬರೆದ. ಪೋಲೆಂಡಿನ ಆಸ್ಕರ್ ಲಾಂಗೆ 1936ರಲ್ಲಿ ಅದಕ್ಕೆ ಗಟ್ಟಿ ಉತ್ತರವನ್ನೇ ಕೊಟ್ಟ: ಯೋಜನಾ ಮಂಡಳಿ ಒಂದು ಬೆಲೆ ಇಡಲಿ, ಸರಕು ಉಳಿದರೆ ಇಳಿಸಲಿ, ಸಾಲದಿದ್ದರೆ ಏರಿಸಲಿ, ಸಂತೆ ಮಾಡುವುದನ್ನೇ ಮಂಡಳಿಯೂ ಮಾಡಬಹುದು. ಕಾಗದದ ಮೇಲೆ ಲಾಂಗೆಯ ಮಾತು ಸರಿಯಾಗಿಯೇ ಇದೆ. ಆದರೆ ನೊವೊಚೆರ್ಕಾಸ್ಕ್ ಆದ ಮೇಲೆ ಯಾವ ಅಧಿಕಾರಿ ಏರಿಸುವ ರುಜು ಹಾಕಿಯಾನು? ಬೆಲೆ ಸರ್ಕಾರದ ಮಾತಾದ ಮೇಲೆ ಪ್ರತಿ ಏರಿಕೆಯೂ ಸರ್ಕಾರದ ಅಪರಾಧವಾಗುತ್ತದೆ.

ಬೆಳೆಗಾರ: ಆದೇಶದ ಬೆಲೆ ಎಂಬುದು ಕಮ್ಯುನಿಸ್ಟರೇ ತಂದದ್ದೇ?

ಮೇಷ್ಟ್ರು: ಇಲ್ಲ, ಅದು ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವ್ಯಾಪಾರಿಯ ಲಾಭಕ್ಕೆ ಮಿತಿ ಇದೆ: ನಾಡಿನ ಸರಕಿಗೆ ನೂರಕ್ಕೆ 5, ಹೊರನಾಡಿನದಕ್ಕೆ 10. ಬಂಡವಾಳಶಾಹಿ ದೇಶಗಳೂ ಯುದ್ಧ ಬಂದಾಗ ಪಡಿತರ ಚೀಟಿಯನ್ನೇ ನೆಚ್ಚಿದವು. ಭಾರತದ ಕಾಫಿ ಬೋರ್ಡ್ ಕೂಡ ಯುದ್ಧದ ಕೂಸು. 1940ರ ಹೊತ್ತಿಗೆ ಯುರೋಪಿನ ಬಂದರುಗಳು ಮುಚ್ಚಿದವು. ಬೆಳೆದ ಕಾಫಿಗೆ ಕೊಳ್ಳುವವರಿಲ್ಲ. ಆಗ ತುರ್ತು ಏರ್ಪಾಟಾಗಿ ಬಂದದ್ದು 1942ರ ಕಾಫಿ ಕಾಯ್ದೆಯಲ್ಲಿ ನೆಲೆಯೂರಿತು. ಬಿತ್ತನೆಗೆ, ಮನೆಯ ಬಳಕೆಗೆ ಇಷ್ಟು ಎಂದು ಬಿಟ್ಟು ಉಳಿದ ಪ್ರತಿ ಮೂಟೆಯೂ ಬೋರ್ಡಿನ ಒಟ್ಟು ರಾಶಿಗೆ, ಅಂದರೆ ಪೂಲಿಗೆ, ಹೋಗಬೇಕಿತ್ತು.

ಬೆಳೆಗಾರ: ಪೂಲಿನ ಬಗ್ಗೆ ಕೆಟ್ಟದ್ದನ್ನು ಮಾತ್ರ ಹೇಳಿದರೆ ಅನ್ಯಾಯ. ಎರಡು ಎಕರೆಯವನಿಗೂ ಕೊಳ್ಳುವವರು ಯಾರೆಂಬ ಚಿಂತೆ ಇರಲಿಲ್ಲ. ತೂಕ ಹಾಕಿ ಚೀಟಿ ಕೊಟ್ಟರೆ ದುಡ್ಡು ಇವತ್ತಲ್ಲ ನಾಳೆ ಬಂದೇ ಬರುತ್ತಿತ್ತು.

ಮೇಷ್ಟ್ರು: ಆ ಮಾತು ಸರಿ. ಪೂಲಿನ ಕಾಲದಲ್ಲಿ ಕಾಫಿ ಕೃಷಿ ಸೊರಗಲಿಲ್ಲ, ಬೆಳೆಯಿತು. 1950ರ ಸುಮಾರಿಗೆ ದೇಶದ ಉತ್ಪಾದನೆ 20 ಸಾವಿರ ಟನ್ನಿನ ಆಸುಪಾಸು ಇತ್ತು. 1990ರ ಹೊತ್ತಿಗೆ 1 ಲಕ್ಷ 70 ಸಾವಿರ ಟನ್ನಿನ ಹತ್ತಿರ ಬಂತು. ಸಂಶೋಧನೆ, ಹೊಸ ತಳಿ, ಊರೂರಿನ ಕಾಫಿ ಹೌಸ್‌ಗಳ ಮೂಲಕ ಪ್ರಚಾರ, ಇವನ್ನೆಲ್ಲ ಬೋರ್ಡ್ ಮಾಡಿತು. ಲೋಪ ಇದ್ದದ್ದು ಸುದ್ದಿಯಲ್ಲಿ. ಎಲ್ಲರ ಕಾಫಿ ಒಂದು ರಾಶಿ. ದರ್ಜೆಗೆ ತಕ್ಕಂತೆ ಅಂಕ, ಅಂಕಕ್ಕೆ ತಕ್ಕಂತೆ ಹಣ, ಅದೂ ಕಂತಿನಲ್ಲಿ. ಕೊನೆಯ ಕಂತು ಕೈಸೇರಲು ವರ್ಷಗಳೇ ಹಿಡಿಯುತ್ತಿದ್ದುದುಂಟು. ದೇಶದೊಳಗಿನ ಹರಾಜಿನ ಬೆಲೆ, ರಫ್ತಿನ ಹರಾಜಿನ ಬೆಲೆ, ಎರಡೂ ಬೆರೆತ ಸರಾಸರಿ ಬೆಳೆಗಾರನಿಗೆ ಮುಟ್ಟುತ್ತಿತ್ತು. ಒಂದು ತೋಟದವರು ಹಣ್ಣನ್ನೇ ಆರಿಸಿ ಕೊಯ್ದು, ಪಲ್ಪರಿಗೆ ಹಾಕಿ ಸಿಪ್ಪೆ ಸುಲಿದು, ಕಣದಲ್ಲಿ ಹದವಾಗಿ ಒಣಗಿಸಿ ಒಳ್ಳೆಯ ಪಾರ್ಚ್‌ಮೆಂಟ್ ಮಾಡಿದರು ಎನ್ನಿ. ಆ ತೋಟದ ಹೆಸರು ರಾಶಿಯಲ್ಲಿ ಕರಗಿಹೋಗುತ್ತಿತ್ತು. ರೋಮಿನಲ್ಲಿ ಅದನ್ನು ಕುಡಿದು ಮೆಚ್ಚಿದವನ ಮೆಚ್ಚುಗೆ ಬಾಳೆಹೊನ್ನೂರಿಗೆ ತಲುಪುವ ದಾರಿಯೇ ಇರಲಿಲ್ಲ. ಹಿಮದ ಸುದ್ದಿ ಕೂಡ ಎರಡು ವರ್ಷ ತಡವಾಗಿ, ನೀರು ಬೆರೆತು ಬರುತ್ತಿತ್ತು.

ಬೆಳೆಗಾರ: ಆದರೂ ಪೂಲ್ ಅಷ್ಟು ಕಾಲ ನಿಂತಿತಲ್ಲ.

ಮೇಷ್ಟ್ರು: ನಿಂತದ್ದಕ್ಕೆ ಹೊರಗಿನ ಎರಡು ಊರುಗೋಲುಗಳಿದ್ದವು. ಒಂದು, 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ. ಬೆಳೆಯುವ ದೇಶಗಳು, ಕುಡಿಯುವ ದೇಶಗಳು ಸೇರಿ ಯಾರು ಎಷ್ಟು ರಫ್ತು ಮಾಡಬೇಕೆಂದು ಕೋಟಾ ಹಂಚಿಕೊಂಡವು. ಪೂರೈಕೆಯನ್ನು ಕಟ್ಟಿಹಾಕಿ ಬೆಲೆಯನ್ನು ಎತ್ತಿಹಿಡಿಯುವ ಉಪಾಯ ಅದು. ಇದಕ್ಕೂ ಮುಂಚೆ ಬ್ರೆಜಿಲ್ ಒಂದೇ ಹೊಣೆ ಹೊತ್ತು ಇದೇ ಕೆಲಸವನ್ನು ಬೆಂಕಿ ಹಚ್ಚಿ ಮಾಡಿತ್ತು. 1931ರಿಂದ 1944ರೊಳಗೆ 60 ಕೆಜಿಯ 7 ಕೋಟಿ 80 ಲಕ್ಷ ಚೀಲ ಕಾಫಿಯನ್ನು ಸುಟ್ಟುಹಾಕಿತು. ಆ ಕಾಲದಲ್ಲಿ ಜಗತ್ತು ಸುಮಾರು ಮೂರು ವರ್ಷ ಕುಡಿಯುವಷ್ಟು ಕಾಫಿ. ಇಷ್ಟೆಲ್ಲ ಮಾಡಿದರೂ ಬೆಲೆ ಹೇಳಿಕೊಳ್ಳುವಂತೆ ಏರಲಿಲ್ಲ, ಏಕೆಂದರೆ ಬ್ರೆಜಿಲ್ ಎತ್ತಿಹಿಡಿದ ಬೆಲೆಯ ನೆರಳಿನಲ್ಲಿ ಬೇರೆ ದೇಶದವರು ಗಿಡ ನೆಡುತ್ತಿದ್ದರು. ಎರಡನೆಯ ಊರುಗೋಲು ಸೋವಿಯತ್ ಒಕ್ಕೂಟ. ಅದು ಕೋಟಾದ ಹೊರಗಿನ ಮಾರುಕಟ್ಟೆ. ರೂಪಾಯಿಯಲ್ಲೇ ಲೆಕ್ಕ ಚುಕ್ತಾ ಮಾಡುವ ವ್ಯಾಪಾರದಲ್ಲಿ ಭಾರತದ ಕಾಫಿಯ ದೊಡ್ಡ ಪಾಲು ಅಲ್ಲಿಗೇ ಹೋಗುತ್ತಿತ್ತು. ಗುಣಮಟ್ಟದ ಬಗ್ಗೆ ಹೆಚ್ಚು ಚೌಕಾಶಿ ಇಲ್ಲದ ಗಿರಾಕಿ. 1989ರ ಜುಲೈಯಲ್ಲಿ ಕೋಟಾ ಒಪ್ಪಂದ ಮುರಿಯಿತು, ಜಗತ್ತಿನ ಬೆಲೆ ಕುಸಿಯಿತು. 1991ರ ಕೊನೆಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಎರಡೂ ಊರುಗೋಲು ಎರಡೂವರೆ ವರ್ಷದಲ್ಲಿ ಹೋದವು. 1992ರಿಂದ ಬೆಳೆಗಾರರಿಗೆ ಸ್ವಲ್ಪ ಸ್ವಲ್ಪವಾಗಿ ಸ್ವಂತ ಮಾರಾಟದ ಹಕ್ಕು ಸಿಕ್ಕಿ, 1996ಕ್ಕೆ ಪೂಲ್ ಪೂರ್ತಿ ಮುಗಿಯಿತು.

ಬೆಳೆಗಾರ: ಬಿಡುಗಡೆಯಾದ ಕಾಲ ಚೆನ್ನಾಗಿತ್ತು. ಬೆಲೆ ಬಂತು, ಕಾರು ಬಂದವು, ಮನೆಗಳಾದವು.

ಮೇಷ್ಟ್ರು: 1994ರಲ್ಲಿ ಬ್ರೆಜಿಲಿಗೆ ಮತ್ತೆ ಹಿಮ ಬಿದ್ದಿತ್ತು. ಹಾಗಾಗಿ ಮುಕ್ತ ಮಾರುಕಟ್ಟೆಯ ಮೊದಲ ಪರಿಚಯ ಸಿಹಿಯಾಗಿ ಆಯಿತು, ಬೆಲೆಯ ಏರುಮುಖವೇ ಅದರ ಸ್ವಭಾವವೆಂದು ಅನೇಕರು ನಂಬಿ ಸಾಲ ಮಾಡಿದರು. ಅದೇ ಹೊತ್ತಿಗೆ ವಿಯೆಟ್ನಾಮಿನಲ್ಲಿ ಬೇರೆಯೇ ಕಥೆ ಮಾಗುತ್ತಿತ್ತು, ಅದರ ಬೇರು 1977ರ ಪೂರ್ವ ಬರ್ಲಿನ್ನಿನಲ್ಲಿದೆ.

ಬೆಳೆಗಾರ: ಬಟಾಣಿ ಹಿಟ್ಟಿನ ಕಾಫಿಗೂ ವಿಯೆಟ್ನಾಮಿಗೂ ಏನು ಸಂಬಂಧ?

ಮೇಷ್ಟ್ರು: ಆ ಅವಮಾನದ ನಂತರ ಪೂರ್ವ ಜರ್ಮನಿ ಡಾಲರಿಲ್ಲದೆ ಕಾಫಿ ಸಿಗುವ ದಾರಿ ಹುಡುಕಿತು. ಇಥಿಯೋಪಿಯಾಕ್ಕೆ ಆಯುಧ ಕೊಟ್ಟು ಕಾಫಿ ತಂದಿತು. ಆ ಏರ್ಪಾಟು ಹೆಚ್ಚು ಕಾಲ ಉಳಿಯಲಿಲ್ಲ. 1980ರಲ್ಲಿ ವಿಯೆಟ್ನಾಮಿನೊಂದಿಗೆ ಒಪ್ಪಂದ ಮಾಡಿಕೊಂಡು ಡಾಕ್ ಲಾಕ್ ಪ್ರಾಂತ್ಯದಲ್ಲಿ ರೋಬಸ್ಟಾ ತೋಟ ಮಾಡಲು ಹಣ, ಯಂತ್ರ, ಲಾರಿ, ತಜ್ಞರನ್ನು ಕಳಿಸಿತು. ಬದಲಿಗೆ ಮುಂದೆ ಬರುವ ಫಸಲಿನಲ್ಲಿ ಪಾಲು. ಗಿಡಗಳು ಮೈದುಂಬಿ ಫಸಲಿಗೆ ಬರುವ ಹೊತ್ತಿಗೆ 1989ರಲ್ಲಿ ಬರ್ಲಿನ್ ಗೋಡೆ ಬಿತ್ತು, 1990ರಲ್ಲಿ ಪೂರ್ವ ಜರ್ಮನಿ ಎಂಬ ದೇಶವೇ ಉಳಿಯಲಿಲ್ಲ. ಕಾಫಿ ಉಳಿಯಿತು. ಅಷ್ಟರಲ್ಲಿ ವಿಯೆಟ್ನಾಂ 1986ರ ‘ದೋಯ್ ಮೋಯ್’ ಸುಧಾರಣೆಯಲ್ಲಿ ಸಾಮೂಹಿಕ ಬೇಸಾಯವನ್ನು ಸಡಿಲಿಸಿ, ನೆಲವನ್ನು ಒಕ್ಕಲು ಕುಟುಂಬಗಳ ಕೈಗೆ ಕೊಡತೊಡಗಿತ್ತು. 1994ರ ಹಿಮದ ಬೆಲೆ ಆ ಕುಟುಂಬಗಳಿಗೂ ಸುದ್ದಿ ಮುಟ್ಟಿಸಿತು. 1990ರಿಂದ ಹತ್ತೇ ವರ್ಷದಲ್ಲಿ ಅಲ್ಲಿನ ಉತ್ಪಾದನೆ ಸುಮಾರು ಹತ್ತು ಪಟ್ಟಾಗಿ, 2000ದ ಹೊತ್ತಿಗೆ ಆ ದೇಶ ಬ್ರೆಜಿಲಿನ ನಂತರದ ಸ್ಥಾನಕ್ಕೆ ಬಂತು. ಯೋಜಿತ ವ್ಯವಸ್ಥೆಯೊಂದರ ಕೊರತೆಯಿಂದ ನೆಟ್ಟ ಗಿಡ, ಮಾರುಕಟ್ಟೆಯ ಬೆಲೆಯಿಂದ ಹಬ್ಬಿದ ಗಿಡ. ಯಾವ ವ್ಯವಸ್ಥೆಯೂ ಗೋಡೆ ಕಟ್ಟಿಕೊಂಡು ಒಂಟಿಯಾಗಿ ಬದುಕಿಲ್ಲ.

ಬೆಳೆಗಾರ: 2001, 2002 ಎಂದರೆ ಈಗಲೂ ಮೈ ನಡುಗುತ್ತದೆ. ಕೊಯ್ಲಿನ ಕೂಲಿಗೂ ಸಾಲದ ಬೆಲೆ. ಹಣ್ಣು ಗಿಡದಲ್ಲೇ ಒಣಗಿದ ತೋಟಗಳಿದ್ದವು.

ಮೇಷ್ಟ್ರು: 1977ರಲ್ಲಿ ಮೂರು ಡಾಲರ್ ದಾಟಿದ್ದ ಅದೇ ಪೌಂಡು 2001ರ ಕೊನೆಗೆ ಅರ್ಧ ಡಾಲರಿಗಿಂತ ಕೆಳಗಿತ್ತು. ಬೆಲೆ ಒಳ್ಳೆಯದಿದ್ದಾಗ ಎಲ್ಲರೂ ಒಟ್ಟಿಗೆ ನೆಡುತ್ತಾರೆ, ನಾಲ್ಕು ವರ್ಷದ ಮೇಲೆ ಎಲ್ಲರ ಫಸಲೂ ಒಟ್ಟಿಗೆ ಬರುತ್ತದೆ, ಬೆಲೆ ಬಿದ್ದು ಎಲ್ಲರೂ ತೋಟ ಕೈಬಿಡುತ್ತಾರೆ, ಮತ್ತೆ ಕೊರತೆ. ಇದನ್ನು ನಕ್ಷೆಯಲ್ಲಿ ಬರೆದರೆ ಜೇಡರ ಬಲೆಯ ಹಾಗೆ ಕಾಣುತ್ತದೆ ಎಂದು ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡಾರ್ 1934ರಲ್ಲಿ ಆ ಹೆಸರನ್ನೇ ಕೊಟ್ಟ. ಮಾರುಕಟ್ಟೆಯ ಸುದ್ದಿಯಲ್ಲಿರುವ ದೊಡ್ಡ ದೋಷ ಇದು. ಅದು ಇವತ್ತಿನ ಕೊರತೆಯನ್ನು ಹೇಳುತ್ತದೆ. ಆ ಸುದ್ದಿ ಕೇಳಿ ಇನ್ನೆಷ್ಟು ಜನ ಸಸಿ ತಂದರು ಎಂಬುದನ್ನು ಹೇಳುವುದಿಲ್ಲ.

ಬೆಳೆಗಾರ: ಹಾಗಾದರೆ ಪೂಲೇ ವಾಸಿ ಎಂದ ಹಾಗಾಯಿತು.

ಮೇಷ್ಟ್ರು: ಹಾಗಲ್ಲ. ಬೆಲೆಗೆ ಎರಡು ಕೆಲಸ ಇವೆ, ಅವನ್ನು ಬೇರ್ಪಡಿಸಿ ನೋಡಬೇಕು. ಒಂದು, ಸುದ್ದಿ ಮುಟ್ಟಿಸುವುದು. ಎರಡು, ಬೆಳೆದವನ ಮನೆಯ ಅನ್ನವನ್ನು ಅಳೆಯುವುದು. ಪೂಲು, ಕೋಟಾ, ಗೋಸ್‌ಪ್ಲಾನ್ ಇವೆಲ್ಲ ಎರಡನೆಯದನ್ನು ಸರಿಪಡಿಸಲು ಹೋಗಿ ಮೊದಲನೆಯದರ ಬಾಯಿ ಮುಚ್ಚಿದವು. 1996ರ ನಂತರದ ವ್ಯವಸ್ಥೆ ಮೊದಲನೆಯದರ ಬಾಯಿ ಬಿಚ್ಚಿತು, ಎರಡನೆಯದನ್ನು ನೂರು ಎಕರೆಯವನಿಗೂ ಎರಡು ಎಕರೆಯವನಿಗೂ ಅವರವರ ಪಾಡಿಗೆ ಬಿಟ್ಟಿತು. ಸುದ್ದಿಯನ್ನು ಕೆಡಿಸದೆ ಪೆಟ್ಟನ್ನು ಹಂಚಿಕೊಳ್ಳುವ ಉಪಾಯ ಅಸಾಧ್ಯವೇನಲ್ಲ. 2003ರಲ್ಲಿ ಕೇಂದ್ರ ಸರ್ಕಾರ ಕಾಫಿ, ಚಹಾ, ರಬ್ಬರ್, ತಂಬಾಕಿನ ಸಣ್ಣ ಬೆಳೆಗಾರರಿಗೆ 500 ಕೋಟಿ ರೂಪಾಯಿಯ ಬೆಲೆ ಸ್ಥಿರೀಕರಣ ನಿಧಿ ಮಾಡಿತು. ಅದರ ವಿಧಾನ ಹೀಗಿತ್ತು: ಕೆಲವು ವರ್ಷಗಳ ಸರಾಸರಿ ಬೆಲೆಗಿಂತ ಬಹಳ ಮೇಲೇರಿದ ವರ್ಷ ಬೆಳೆಗಾರ ತನ್ನ ಖಾತೆಗೆ ಕಟ್ಟಬೇಕು, ಬಹಳ ಕೆಳಗಿಳಿದ ವರ್ಷ ಸರ್ಕಾರ ಕಟ್ಟಬೇಕು. ಮೂಟೆಯ ಬೆಲೆಯನ್ನು ಯಾರೂ ಮುಟ್ಟುವುದಿಲ್ಲ. ವಿಚಾರ ಸರಿಯಾಗಿತ್ತು. ಮೊತ್ತ ಚಿಕ್ಕದಾಯಿತು, ಸೇರಿದವರು ಕಡಿಮೆಯಾದರು, ನಿಧಿ ನಿಂತುಹೋಯಿತು.

ಬೆಳೆಗಾರ: ಭತ್ತ, ರಾಗಿಗೆ ಬೆಂಬಲ ಬೆಲೆ ಇದೆಯಲ್ಲ, ಕಾಫಿಗೆ ಯಾಕಿಲ್ಲ?

ಮೇಷ್ಟ್ರು: ಬೆಂಬಲ ಬೆಲೆ ಎಂದರೆ ಆ ಬೆಲೆಗೆ ಸರ್ಕಾರ ಕೊಳ್ಳಬೇಕು, ಕೊಂಡದ್ದಕ್ಕೆ ಉಪಯೋಗ ಬೇಕು. ಭತ್ತ, ರಾಗಿಗೆ ಪಡಿತರ ಅಂಗಡಿ ಇದೆ. ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲು ಹೊರದೇಶಕ್ಕೆ ಹೋಗುತ್ತದೆ. ಜಗತ್ತಿನ ಬೆಲೆಗಿಂತ ಮೇಲೆ ಕೊಂಡರೆ ರಾಶಿ ಬಿದ್ದು ಕೊನೆಗೆ ಬ್ರೆಜಿಲಿನ ಬೆಂಕಿಯೇ ಗತಿ. ಜಗತ್ತಿನ ಉತ್ಪಾದನೆಯಲ್ಲಿ ಭಾರತದ್ದು ನೂರಕ್ಕೆ ಮೂರು–ನಾಲ್ಕು ಪಾಲು, ಅದರಲ್ಲಿ ನೂರಕ್ಕೆ ಸುಮಾರು 70 ಭಾಗ ಕರ್ನಾಟಕದ್ದು. ಇಷ್ಟು ಸಣ್ಣ ಪಾಲಿನವರು ಬೆಲೆ ಹೇಳಲಾರರು, ಕೇಳಬೇಕಾಗುತ್ತದೆ. ‘ಎಷ್ಟು ನಡೀತಿದೆ’ ಎಂಬ ಪ್ರಶ್ನೆಯ ಮೂಲ ಅಲ್ಲಿದೆ.

ಬೆಳೆಗಾರ: ಲಂಡನ್ನಿನ ಅಂಕಿ ಮೂಟೆಯ ಬೆಲೆಯಾಗುವುದು ಹೇಗೆ? ವ್ಯಾಪಾರಿ ಹೇಳಿದ್ದೇ ವೇದವೇ?

ಮೇಷ್ಟ್ರು: ಲೆಕ್ಕ ಯಾರು ಬೇಕಾದರೂ ಹಾಕಬಹುದು, ಹಾಕಬೇಕು. ಲಂಡನ್ನಿನಲ್ಲಿ ರೋಬಸ್ಟಾ ಟನ್ನಿಗೆ 4,000 ಡಾಲರ್ ಇದೆ, ಡಾಲರಿಗೆ 83 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಕೆಜಿ ಬೀಜಕ್ಕೆ 332 ರೂಪಾಯಿ. 50 ಕೆಜಿ ಚೆರಿಯನ್ನು ಕ್ಯೂರಿಂಗ್ ಮಾಡಿದರೆ ಸಿಗುವ ಬೀಜ ಸುಮಾರು 26 ಕೆಜಿ, ಇದೇ ಔಟ್‌ಟರ್ನ್. ಆಗ ಮೂಟೆಗೆ 8,632. ಭಾರತದ ರೋಬಸ್ಟಾಕ್ಕೆ ಸಿಗುವ ಹೆಚ್ಚುವರಿ ದರವನ್ನು ಕೂಡಿಸಿ, ಕ್ಯೂರಿಂಗ್, ಸಾಗಣೆ, ವ್ಯಾಪಾರಿಯ ಲಾಭವನ್ನು ಕಳೆಯಬೇಕು. ಔಟ್‌ಟರ್ನ್ ಒಂದು ಕೆಜಿ ಕಡಿಮೆ ಬರೆದರೆ ಮೂಟೆಗೆ 332 ರೂಪಾಯಿ ಹೋಯಿತು. ಬೇಡಿಕೆ, ಪೂರೈಕೆಯ ನಿಯಮ ಸರಿಯಾಗಿ ನಡೆಯಬೇಕಾದರೆ ಕೊಡುವವನಿಗೂ ಕೊಳ್ಳುವವನಿಗೂ ತಿಳಿದಿರುವುದು ಸಮನಾಗಿರಬೇಕು. ಆದ್ದರಿಂದ ತೂಕದ ಕಲ್ಲಿನಷ್ಟೇ, ಔಟ್‌ಟರ್ನನ್ನು ಬದಲಿಸುವ ತೇವಾಂಶವನ್ನು ಅಳೆಯುವ ಯಂತ್ರವೂ ಮುಖ್ಯ.

ಬೆಳೆಗಾರ: ಇನ್ನೊಂದು ಮಾತಿದೆ. ಮಲೆನಾಡಿನ ಕಾಫಿ ಕಾಡುಮರದ ನೆರಳಿನಲ್ಲಿ ಬೆಳೆಯುತ್ತದೆ. ಬ್ರೆಜಿಲಿನ ಬಯಲಿನಲ್ಲಿ ಯಂತ್ರದಿಂದ ಕೊಯ್ದ ಕಾಫಿಗೂ ಇದಕ್ಕೂ ಲಂಡನ್ ಒಂದೇ ಅಳತೆ ಹಿಡಿಯುತ್ತದಲ್ಲ?

ಮೇಷ್ಟ್ರು: ಅಲ್ಲಿ ಮಾರುಕಟ್ಟೆಗೆ ಕಿವಿ ಕೇಳಿಸುವುದಿಲ್ಲ. ನೆರಳಿನ ಮರ ಮಣ್ಣನ್ನು ಹಿಡಿದಿಡುತ್ತದೆ, ಹಕ್ಕಿಗೆ ನೆಲೆ ಕೊಡುತ್ತದೆ, ಕಾವೇರಿಗೆ ನೀರಿಳಿಸುತ್ತದೆ. ಅದರ ಫಲ ಮೈಸೂರು, ಮಂಡ್ಯ, ತಮಿಳುನಾಡಿಗೂ ಸಿಗುತ್ತದೆ, ಆದರೆ ಯಾವ ಖರೀದಿದಾರನೂ ಆ ಮರಕ್ಕೆ ಬೆಲೆ ಕೂಡಿಸುವುದಿಲ್ಲ. ಆ ಮರ ಕಡಿದು ಸಿಲ್ವರ್ ಓಕ್ ನೆಟ್ಟರೆ ಮಾತ್ರ ಬೆಲೆ ಸಿಗುತ್ತದೆ. ಯೋಜಿತ ವ್ಯವಸ್ಥೆಗೂ ಈ ಕಿವಿ ಇರಲಿಲ್ಲ. ಹತ್ತಿ ಬೆಳೆಯುವ ಗುರಿಗಾಗಿ ನದಿಗಳನ್ನು ತಿರುಗಿಸಿ ಅರಲ್ ಸಮುದ್ರವನ್ನೇ ಬತ್ತಿಸಿದ್ದು ಸೋವಿಯತ್ ಯೋಜನೆ. ಕೂಲಿಯವರ ಮಾತೂ ಹೀಗೆಯೇ. ಬೆಲೆ ಏರಿದ ವರ್ಷ ಅದರ ಪಾಲು ತಾನಾಗಿ ಲೈನ್‌ಮನೆಯವರೆಗೆ ಇಳಿಯುವುದಿಲ್ಲ. ಕಾನೂನು ಇಳಿಸಬೇಕು, ಇಲ್ಲವೇ ಕೊಯ್ಲಿಗೆ ಆಳು ಸಿಗದ ಕೊರತೆ ಇಳಿಸಬೇಕು.

ಬೆಳೆಗಾರ: ಈಗ ಕೊನೆಯ ಮಾತು. 2024ರಲ್ಲಿ ರೋಬಸ್ಟಾ ಚೆರಿ ಮೂಟೆಗೆ 10,000 ರೂಪಾಯಿ ಮುಟ್ಟಿತು. ಹಿಂದೆಂದೂ ಕಾಣದ ಬೆಲೆ. ಖಾಲಿ ಬಿದ್ದಿರುವ ಜಾಗಕ್ಕೆಲ್ಲ ಸಸಿ ಹಾಕಬೇಕೆಂಬ ಆಸೆ ಊರಿಗೆಲ್ಲ ಬಂದಿದೆ. ಹಾಕಬಹುದೇ?

ಮೇಷ್ಟ್ರು: ಆ ಬೆಲೆ ಯಾಕೆ ಬಂತೆಂದು ಮೊದಲು ನೋಡಬೇಕು. ವಿಯೆಟ್ನಾಮಿನಲ್ಲಿ ಬರಗಾಲ ಬಿತ್ತು. ಅದಕ್ಕೆ ಮುಂಚೆಯೇ, ಕಾಫಿ ಬೆಲೆ ಕಡಿಮೆಯಿದ್ದ ವರ್ಷಗಳಲ್ಲಿ, ಅಲ್ಲಿನ ಎಷ್ಟೋ ರೈತರು ಗಿಡ ಕಿತ್ತು ಡುರಿಯನ್ ಹಣ್ಣಿನ ಮರ ನೆಟ್ಟಿದ್ದರು. ಬ್ರೆಜಿಲಿನಲ್ಲೂ ಮಳೆ ಕೈಕೊಟ್ಟು, 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ ನಾಲ್ಕು ಡಾಲರ್ ದಾಟಿತು. ಬರ ಒಂದೆರಡು ವರ್ಷದ್ದು, ಡುರಿಯನ್ ಮರ ಹಲವು ವರ್ಷದ್ದು. ಇವೆರಡರಲ್ಲಿ ಯಾವುದರ ಪಾಲು ಎಷ್ಟು ಎಂಬುದರ ಮೇಲೆ ಇಂಥ ಬೆಲೆಯ ಆಯುಸ್ಸು ನಿಂತಿರುತ್ತದೆ. ಸಸಿ ಹಾಕುವ ಮುನ್ನ ಕೇಳಬೇಕಾದದ್ದು ಇವತ್ತಿನ ದರವನ್ನಲ್ಲ. ಇಲ್ಲಿಯ ನರ್ಸರಿಗಳಲ್ಲಿ ಎಷ್ಟು ಸಸಿ ಹೋದವು, ಡಾಕ್ ಲಾಕ್‌ನಲ್ಲಿ ಎಷ್ಟು ಹೋದವು ಎಂಬುದನ್ನು. ಹಾಕಿದರೂ ನಡುವೆ ಮೆಣಸಿನ ಬಳ್ಳಿ ಹಬ್ಬಿಸಲು ನೆರಳಿನ ಮರ ಉಳಿಸಿಕೊಳ್ಳಬೇಕು, ಕಾಫಿ ಬಿದ್ದ ವರ್ಷ ಮೆಣಸು ಕೈಹಿಡಿಯಬಹುದು. ಈ ಮುಂಗಾರಿಗೆ ನೆಟ್ಟ ಗಿಡ ಕೊಯ್ಲಿಗೆ ಬರುವುದು ನಾಲ್ಕನೆಯ ವರ್ಷ. ಮೂಟೆ ತೂಗುವುದು ಆ ದಿನದ ಬೆಲೆಗೆ.